ಅಮ್ಮತ್ತಿಯ ಅಟ್ಟದಲ್ಲಿ ಯಾರ್ಕ್ ನಿಲ್ದಾಣ: ಒಂದು ತಿದ್ದುಪಡಿ, ಒಂದು ಉತ್ತರ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ವಿರಾಜಪೇಟೆಯ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ನಾನು ಇಟ್ಟಿದ್ದ ಮಾದರಿ ರೈಲು ನಿಲ್ದಾಣದ ಒಂದು ತುಂಡಿನ ಚಿತ್ರವನ್ನು ತಾವು ಜಿಲ್ಲಾ ಪುಟದಲ್ಲಿ ಪ್ರಕಟಿಸಿದ್ದಕ್ಕೆ ಕೃತಜ್ಞನಾಗಿದ್ದೇನೆ. ಚಿತ್ರದ ಕೆಳಗೆ ‘ಲಂಡನ್ನಿನ ಯಾರ್ಕ್ ನಿಲ್ದಾಣದ ಆಟಿಕೆ’ ಎಂದು ಅಚ್ಚಾಗಿದೆ. ಈ ನಾಲ್ಕು ಪದಗಳಲ್ಲಿ ಮೊದಲನೆಯದನ್ನು ತಿದ್ದಲೇಬೇಕಾಗಿದೆ. ಯಾರ್ಕ್ ಬೇರೆಯೇ ಒಂದು ನಗರ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ರೈಲಿನ ದಾರಿಯಲ್ಲಿ 188 ಮೈಲಿ, ಅಂದರೆ ಸುಮಾರು 300 ಕಿಲೋಮೀಟರ್ ಉತ್ತರಕ್ಕಿದೆ. ಅಮ್ಮತ್ತಿಯವರನ್ನು ಬೆಂಗಳೂರಿನವರೆಂದು ಕರೆದರೆ ನಮಗೆ ಎಷ್ಟು ಕಿರಿಕಿರಿಯಾದೀತೋ ಯಾರ್ಕಿನವರಿಗೂ ಅಷ್ಟೇ ಆದೀತು. ಕೊನೆಯ ಪದದ ಬಗ್ಗೆ ನನಗೆ ಅಷ್ಟೊಂದು ತಕರಾರಿಲ್ಲ. ಅರವತ್ತು ದಾಟಿದ ಮೇಲೂ ಆಡುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ ಅಲ್ಲವೆನ್ನುವುದು ಕಷ್ಟ.

ಇಷ್ಟೇ ಆಗಿದ್ದರೆ ಒಂದು ಅಂಚೆ ಕಾರ್ಡಿನಲ್ಲಿ ಮುಗಿಯುತ್ತಿತ್ತು. ಆದರೆ ಆ ಚಿತ್ರವನ್ನು ನೋಡಿದ ಓದುಗರೊಬ್ಬರು ಮರುವಾರ ಇದೇ ಅಂಕಣಕ್ಕೆ ಬರೆದು, ಹಳಿಯ ಒಂದು ತುಂಡೂ ಇಲ್ಲದ ಕೊಡಗು ಜಿಲ್ಲೆಯಲ್ಲಿ ಕುಳಿತುಕೊಂಡು ನಮ್ಮನ್ನು ಆಳಿ ಹೋದವರ ನಿಲ್ದಾಣವನ್ನು ಇಷ್ಟು ಪ್ರೀತಿಯಿಂದ ಕಟ್ಟುವುದೇಕೆ, ಮೈಸೂರಿನದ್ದನ್ನೋ ಹಾಸನದ್ದನ್ನೋ ಕಟ್ಟಬಾರದೇ ಎಂದು ಕೇಳಿದ್ದಾರೆ. ಪ್ರಶ್ನೆ ಸರಿಯಾಗಿದೆ, ಅದರಲ್ಲಿರುವ ಸಣ್ಣ ಚುಚ್ಚು ಕೂಡ ಸರಿಯಾಗಿಯೇ ಇದೆ. ಉತ್ತರವನ್ನು ಒಂದೇ ಸಾಲಿನಲ್ಲಿ ಹೇಳುವುದಾದರೆ, ಯಾರ್ಕ್ ನಿಲ್ದಾಣದ ಅಳತೆ ನನಗೆ ಅಮ್ಮತ್ತಿಯಲ್ಲಿ ಕುಳಿತಲ್ಲಿಗೇ ಸಿಗುತ್ತದೆ, ನೂರು ಕಿಲೋಮೀಟರ್ ಆಚೆಗಿರುವ ನಮ್ಮದೇ ನಿಲ್ದಾಣದ ಅಳತೆ ಸಿಗುವುದಿಲ್ಲ. ಈ ಸಾಲನ್ನು ಬಿಡಿಸಿ ಹೇಳಲು ಮಾದರಿ ನಿಲ್ದಾಣ ಕಟ್ಟುವುದೆಂದರೆ ಏನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಪುಟ ಸಾಲದಿದ್ದರೆ ಕತ್ತರಿಸಿಕೊಳ್ಳಲು ತಾವು ಸ್ವತಂತ್ರರು.

2018ರಲ್ಲಿ ನಾನು ಮಗಳ ಮನೆಯಲ್ಲಿ ಎರಡು ತಿಂಗಳು ಇರಲು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋಗಿದ್ದೆ. ಅಲ್ಲಿಂದ ಯಾರ್ಕ್ ರೈಲಿನಲ್ಲಿ ಅರ್ಧ ಗಂಟೆಯ ದಾರಿಯೂ ಅಲ್ಲ. ಅಲ್ಲಿನ ಪ್ರಸಿದ್ಧ ಚರ್ಚನ್ನು ನೋಡಲೆಂದು ಹೋದವನು ನಿಲ್ದಾಣದ ಕಾಲುಸೇತುವೆಯ ಮೇಲೆ, ದೊಡ್ಡ ಗಡಿಯಾರದ ಪಕ್ಕದಲ್ಲಿ, ಒಂದು ಗಂಟೆ ನಿಂತುಬಿಟ್ಟೆ. ಆ ಚಾವಣಿ ನೆಟ್ಟಗಿಲ್ಲ, ಉದ್ದಕ್ಕೂ ಬಾಗಿದೆ. ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿ ಕಾಣುವುದಿಲ್ಲ. ಕಬ್ಬಿಣದ ಕಮಾನುಗಳು ಒಂದರ ಹಿಂದೊಂದು ಸರಿಯುತ್ತಾ ಹೋಗಿ, ಹೊಳೆಯ ತಿರುವಿನಲ್ಲಿ ನೀರು ಮರೆಯಾಗುವ ಹಾಗೆ ಮರೆಯಾಗುತ್ತವೆ. ಅಂದಕ್ಕೆಂದು ಹೀಗೆ ಬಾಗಿಸಿದ್ದಲ್ಲ. 1841ರಲ್ಲಿ ಕಟ್ಟಿದ ಹಳೆಯ ನಿಲ್ದಾಣ ನಗರದ ಕೋಟೆಗೋಡೆಯ ಒಳಗಿತ್ತು, ಹಳಿಗಳು ಅಲ್ಲಿಗೇ ಕೊನೆಯಾಗುತ್ತಿದ್ದವು. ಲಂಡನ್ನಿನಿಂದ ನ್ಯೂಕಾಸಲ್ ಕಡೆಗೆ ಹೋಗುವ ಪ್ರತಿಯೊಂದು ರೈಲೂ ಒಳಗೆ ಬಂದು, ಹಿಂದುಮುಂದಾಗಿ ಹೊರಗೆ ಹೋಗಬೇಕಿತ್ತು. ಈ ಪೇಚಾಟ ತಪ್ಪಿಸಲು ನಾರ್ತ್ ಈಸ್ಟರ್ನ್ ರೈಲ್ವೆ ಕಂಪನಿಯು ಗೋಡೆಯ ಹೊರಗೆ, ಎರಡೂ ಕಡೆಯ ಮಾರ್ಗಗಳನ್ನು ಒಂದು ಬಿಲ್ಲಿನಂತೆ ಸೇರಿಸಿ, ಹೊಸ ನಿಲ್ದಾಣ ಕಟ್ಟಿತು. ಅದು ತೆರೆದದ್ದು 1877ರ ಜೂನ್ 25ರಂದು. ಥಾಮಸ್ ಪ್ರಾಸರ್ ಆರಂಭಿಸಿದ ವಿನ್ಯಾಸವನ್ನು ಬೆಂಜಮಿನ್ ಬರ್ಲೀ ಮತ್ತು ವಿಲಿಯಂ ಪೀಚಿ ಮುಗಿಸಿದರು.

ಚಾವಣಿಯ ಉದ್ದ 800 ಅಡಿ, ಅಗಲ 234 ಅಡಿ. ಅಗಲವನ್ನು ನಾಲ್ಕು ಅಂಕಣಗಳಾಗಿ ಹಂಚಿದ್ದಾರೆ: 81 ಅಡಿಯದೊಂದು, 55 ಅಡಿಯವೆರಡು, 43 ಅಡಿಯದೊಂದು. ಕಂಬಗಳ ತಲೆಯಲ್ಲಿ ಎಲೆಗಳ ಕೆತ್ತನೆ, ಕಮಾನು ಕಂಬಕ್ಕೆ ಕೂಡುವ ಮೂಲೆಯಲ್ಲಿ ಕಂಪನಿಯ ಲಾಂಛನ ಮತ್ತು ಯಾರ್ಕಿನ ಬಿಳಿ ಗುಲಾಬಿ. ನಮ್ಮಲ್ಲಿ ದೇವಸ್ಥಾನದ ಕಂಬಕ್ಕೆ ಮಾಡುವಷ್ಟು ಕೆಲಸವನ್ನು ಅವರು ರೈಲು ನಿಲ್ಲುವ ಕೊಟ್ಟಿಗೆಗೆ ಮಾಡಿದ್ದರು.

ಇಂಗ್ಲೆಂಡಿನ ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಯಲ್ಲಿ ಒಂದು ಅಡಿಗೆ 4 ಮಿಲಿಮೀಟರ್. ಅಂದರೆ ಎಲ್ಲವೂ ಮೂಲದ ಸುಮಾರು 76ರಲ್ಲಿ ಒಂದು ಪಾಲು. ಇದಕ್ಕೆ ಓಓ ಗೇಜ್ ಎನ್ನುತ್ತಾರೆ. ಈ ಲೆಕ್ಕದಲ್ಲಿ 800 ಅಡಿಯ ಚಾವಣಿ 3.2 ಮೀಟರ್ ಆಗುತ್ತದೆ, 234 ಅಡಿ 936 ಮಿಲಿಮೀಟರ್ ಆಗುತ್ತದೆ. ನಮ್ಮ ಹಳೆಯ ಕಾಫಿ ಗೋದಾಮಿನ ಅಟ್ಟ 30 ಅಡಿ ಉದ್ದ, 12 ಅಡಿ ಅಗಲವಿದೆ. ಚಾವಣಿಯೇನೋ ಸಲೀಸಾಗಿ ಹಿಡಿಯಿತು. ಹಿಡಿಯದಿದ್ದದ್ದು ನಿಲ್ದಾಣದ ಎರಡೂ ಬದಿಯಲ್ಲಿ ಹಳಿಗಳು ಕವಲೊಡೆದು ಕೂಡುವ ಜಾಗ. ಬರೀ ಅರ್ಧ ಮೈಲಿಯನ್ನು ಯಥಾವತ್ತಾಗಿ ಹಾಸಬೇಕೆಂದರೂ ಹತ್ತೂವರೆ ಮೀಟರ್ ಬೇಕು, ನನ್ನಲ್ಲಿರುವುದು ಒಂಬತ್ತು. ಆದ್ದರಿಂದ ಎಲ್ಲೋ ಒಂದು ಕಡೆ ಕತ್ತರಿ ಹಾಕಲೇಬೇಕಾಯಿತು. ಅನೇಕರು ಪ್ಲಾಟ್‌ಫಾರ್ಮನ್ನು ಗಿಡ್ಡ ಮಾಡಿ, ಆರು ಬೋಗಿಯ ರೈಲನ್ನು ಓಡಿಸಿ ತೃಪ್ತರಾಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ದಾರಿ. ನಾನು ಕಟ್ಟುತ್ತಿರುವ 1959ರ ಕಾಲದ ಬೋಗಿ ಸುಮಾರು 65 ಅಡಿ, ಮಾದರಿಯಲ್ಲಿ 260 ಮಿಲಿಮೀಟರ್. ಹನ್ನೊಂದು ಬೋಗಿ ಮತ್ತು ಒಂದು ದೊಡ್ಡ ಎಂಜಿನ್ ಸೇರಿದರೆ ಮೂರು ಮೀಟರ್ ದಾಟಿ, ಚಾವಣಿಯ ಉದ್ದಕ್ಕೆ ಹೆಚ್ಚುಕಡಿಮೆ ಸಮವಾಗುತ್ತದೆ. ಬಾಗಿದ ಚಾವಣಿಯ ಕೆಳಗೆ ಅಷ್ಟೇ ಉದ್ದದ ರೈಲು ಬಾಗಿ ನಿಂತಾಗ ಮಾತ್ರ ಅದು ಯಾರ್ಕ್. ಹೀಗಾಗಿ ಚಾವಣಿಯನ್ನು ಪೂರ್ತಿ ಉಳಿಸಿಕೊಂಡು, ಹೊರಗಿನ ಕವಲುಗಳನ್ನು ಒತ್ತಿ ಗಿಡ್ಡ ಮಾಡಿದೆ. ಮುಖ್ಯ ಚಾವಣಿಯ ಹೊರಗೆ ಪಶ್ಚಿಮಕ್ಕಿರುವ, ಆಮೇಲೆ ಸೇರಿಸಿದ ಪ್ಲಾಟ್‌ಫಾರ್ಮುಗಳನ್ನು ಕೈಬಿಟ್ಟೆ.

ಓಓ ಗೇಜಿನಲ್ಲೇ ಒಂದು ಹಳೆಯ ಸುಳ್ಳಿದೆ, ಅದನ್ನು ಮುಚ್ಚಿಡಬಾರದು. ಇಂಗ್ಲೆಂಡಿನ ಹಳಿಗಳ ನಡುವಿನ ಅಂತರ 4 ಅಡಿ 8.5 ಅಂಗುಲ, 4 ಮಿಲಿಮೀಟರ್ ಲೆಕ್ಕದಲ್ಲಿ 18.83 ಮಿಲಿಮೀಟರ್ ಬರಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿಲಿಮೀಟರ್. ಯುರೋಪಿನಲ್ಲಿ ಆ ಹಳಿಗೆ ಹೊಂದುವ ಮಾದರಿಗಳು ಅಡಿಗೆ 3.5 ಮಿಲಿಮೀಟರಿನವು, ಆದರೆ ಇಂಗ್ಲೆಂಡಿನ ಎಂಜಿನ್‌ಗಳು ಮೂಲದಲ್ಲೇ ಚಿಕ್ಕವಾದ್ದರಿಂದ ಆ ಕಾಲದ ಮೋಟಾರು ಅಷ್ಟು ಸಣ್ಣ ಒಡಲಿನಲ್ಲಿ ಹಿಡಿಯಲಿಲ್ಲ. ಒಡಲನ್ನು 4 ಮಿಲಿಮೀಟರಿಗೆ ಹಿಗ್ಗಿಸಿದರು, ಹಳಿಯನ್ನು ಇದ್ದಂತೆಯೇ ಬಿಟ್ಟರು. ಫಲವಾಗಿ ನನ್ನ ಯಾರ್ಕಿನ ಹಳಿಗಳು ನಿಜದ ಲೆಕ್ಕದಲ್ಲಿ 4 ಅಡಿ ಒಂದೂವರೆ ಅಂಗುಲದವು. ಹಟವಾದಿಗಳು 18.83ರ ಹಳಿಯನ್ನು ಕೈಯಾರೆ ಹಾಸುತ್ತಾರೆ, ಚಕ್ರಗಳನ್ನೂ ಬದಲಿಸುತ್ತಾರೆ. ಅವರ ಮುಂದೆ ಕೈಮುಗಿಯುತ್ತೇನೆ. ನನಗೆ ಅಷ್ಟು ಆಯುಷ್ಯವಿಲ್ಲ.

ಈಗ ಅಳತೆಯ ಮಾತಿಗೆ ಬರುತ್ತೇನೆ. ಇಂಗ್ಲೆಂಡಿನ ಸರ್ವೆ ಇಲಾಖೆ ನೂರು ವರ್ಷಕ್ಕೂ ಹಿಂದೆ ತಯಾರಿಸಿದ, ಒಂದು ಮೈಲಿಗೆ 25 ಅಂಗುಲದ ನಕಾಶೆಗಳಿವೆ. ಅವುಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಯಾರ್ಕಿನ ಒಂದೊಂದು ಹಳಿ, ಹಳಿ ಕವಲೊಡೆಯುವ ಒಂದೊಂದು ಪಾಯಿಂಟ್ ಅದರಲ್ಲಿ ಕಾಣುತ್ತದೆ. ಆದರೆ ಆ ನಕಾಶೆಯನ್ನು ನನ್ನ ಅಳತೆಗೆ ಹಿಗ್ಗಿಸಬೇಕಾದರೆ ಸುಮಾರು 33 ಪಟ್ಟು ಹಿಗ್ಗಿಸಬೇಕು. ನಕಾಶೆಯ ಗೆರೆಯ ದಪ್ಪವೇ ಕಾಲು ಮಿಲಿಮೀಟರ್ ಇದ್ದರೆ ನನ್ನ ಹಲಗೆಯ ಮೇಲೆ ಅದು 8 ಮಿಲಿಮೀಟರ್ ಆಗುತ್ತದೆ, ಅಂದರೆ ಹಳಿಗಳ ನಡುವಿನ ಅಂತರದ ಅರ್ಧ. ಹಾಗಾಗಿ ನಕಾಶೆ ಹಳಿ ಎಲ್ಲಿದೆಯೆಂದು ಹೇಳುತ್ತದೆಯೇ ಹೊರತು ಎಷ್ಟು ಬಾಗಿದೆಯೆಂದು ಕರಾರುವಾಕ್ಕಾಗಿ ಹೇಳುವುದಿಲ್ಲ. ಅದಕ್ಕೆ ಹಳೆಯ ಫೋಟೋಗಳು ಬೇಕು. ಫೋಟೋದಲ್ಲಿ ಅಳತೆಪಟ್ಟಿ ಇರುವುದಿಲ್ಲ, ಆದರೆ ಇಟ್ಟಿಗೆ ಇರುತ್ತದೆ. ಯಾರ್ಕಿನ ಗೋಡೆ ಮಾಸಲು ಹಳದಿ ಇಟ್ಟಿಗೆಯದು; ನಾಲ್ಕು ವರಸೆಗೆ ಸುಮಾರು ಒಂದಡಿ. ನನ್ನ ಮಾದರಿಯಲ್ಲಿ ಒಂದು ವರಸೆಗೆ ಒಂದು ಮಿಲಿಮೀಟರ್. ಕಿಟಕಿಯ ಎತ್ತರ ಬೇಕೆಂದರೆ ಭೂತಗನ್ನಡಿ ಹಿಡಿದು ಪಕ್ಕದ ವರಸೆಗಳನ್ನು ಎಣಿಸುತ್ತಾ ಕೂರುವುದು. ಎಣಿಸಿದ ಸಂಖ್ಯೆಯೇ ಮಿಲಿಮೀಟರ್. ಮಳೆಗಾಲದ ಸಂಜೆಗಳು ಹೀಗೆ ಕಳೆದಿವೆ.

ನಾನೇ ತೆಗೆದ ಫೋಟೋಗಳಲ್ಲಿ ಪ್ರತಿ ಕಂಬದ ಬುಡಕ್ಕೂ ನನ್ನ ಕೊಡೆ ಒರಗಿದೆ. ಊರಿನಿಂದ ಒಯ್ದಿದ್ದ ಮೂರಡಿಯ ಕಪ್ಪು ಕೊಡೆ, ಬಿದಿರಿನ ಹಿಡಿಯದು. ಅಳತೆಪಟ್ಟಿಯಿರಲಿಲ್ಲ, ಕೊಡೆಯಿತ್ತು. ಇದನ್ನು ನೋಡಿದ ನಿಲ್ದಾಣದ ನೌಕರರೊಬ್ಬರು ಬಂದು ಏನು ಮಾಡುತ್ತಿದ್ದೀರಿ ಎಂದು ವಿಚಾರಿಸಿದರು. ಹೇಳಿದೆ. ಹಾಗಾದರೆ ಆ ಬದಿಯ ಕಂಬದ ಬುಡವನ್ನೂ ತೆಗೆದುಕೊಳ್ಳಿ, ಅದು ಬೇರೆ ತರಹ ಇದೆ ಎಂದು ತೋರಿಸಿ ಹೋದರು.

ಅಳತೆ ಸಿಕ್ಕಿದ ಮಾತ್ರಕ್ಕೆ ಕೆಲಸ ಸಲೀಸು ಎಂದಲ್ಲ. ದೊಡ್ಡ ಅಂಕಣದ ಕಮಾನುಗಳನ್ನು 2 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಯಲ್ಲಿ ಬೆಂಗಳೂರಿನಲ್ಲಿ ಲೇಸರಿನಿಂದ ಕತ್ತರಿಸಿ ತರಿಸಿದೆ. ಒಂದೊಂದೂ 324 ಮಿಲಿಮೀಟರ್ ಅಗಲ, ಕೈಯಲ್ಲಿ ಹಿಡಿದರೆ ಮೀನಿನ ಮುಳ್ಳಿನ ಹಾಗೆ. ಅವುಗಳನ್ನು ಜೋಡಿಸುವ ರೀಪುಗಳನ್ನು ನಾನೇ ಕತ್ತರಿಸಿದೆ, ಎಲ್ಲವನ್ನೂ ಒಂದೇ ಉದ್ದಕ್ಕೆ. ಏಳು ಕಮಾನು ನಿಲ್ಲಿಸುವ ಹೊತ್ತಿಗೆ ಚಾವಣಿ ನೆಟ್ಟಗೆ ಹೊರಟಿತ್ತು, ಕೆಳಗಿನ ಪ್ಲಾಟ್‌ಫಾರ್ಮ್ ಎಡಕ್ಕೆ ಬಾಗಿತ್ತು. ಏಳನೆಯ ಕಮಾನಿನ ಕಂಬ ಹಳಿಯ ನಟ್ಟನಡುವೆ ಇಳಿಯಿತು. ಬಾಗಿದ ಚಾವಣಿಯಲ್ಲಿ ಕಮಾನುಗಳು ಒಂದಕ್ಕೊಂದು ಸಮಾಂತರವಾಗಿ ನಿಲ್ಲುವುದಿಲ್ಲ, ಗಾಡಿಚಕ್ರದ ಅರಗಳಂತೆ ಹರಡಿಕೊಂಡು ನಿಲ್ಲುತ್ತವೆ. ಹೊರಬದಿಯ ರೀಪು ಒಳಬದಿಯದಕ್ಕಿಂತ ಉದ್ದವಿರಲೇಬೇಕು. ಚಾವಣಿಯ ಅಗಲ 936 ಮಿಲಿಮೀಟರ್ ಇರುವಾಗ, ಅದು ಒಂದು ಡಿಗ್ರಿ ತಿರುಗಿದರೂ ಹೊರಸಾಲು ಒಳಸಾಲಿಗಿಂತ 16 ಮಿಲಿಮೀಟರ್ ಹೆಚ್ಚು ಉದ್ದವಾಗುತ್ತದೆ. ವೃತ್ತದ ಕಂಸದ ಉದ್ದವನ್ನು ಕಂಡುಹಿಡಿಯುವುದು ಹೇಗೆಂದು ಮೂವತ್ತು ವರ್ಷ ಹತ್ತನೆಯ ತರಗತಿಯವರಿಗೆ ಪಾಠ ಹೇಳಿದವನು ನಾನು. ಅಂಟನ್ನು ಬಿಡಿಸಿ ಎಲ್ಲವನ್ನೂ ಮತ್ತೆ ಕತ್ತರಿಸಲು ಒಂದು ತಿಂಗಳು ಹಿಡಿಯಿತು. ಒಳ್ಳೆಯದೇ ಆಯಿತು: ಬಿಚ್ಚಿದಾಗಲೇ ಹೊಳೆದದ್ದು, ಚಾವಣಿಯನ್ನು ಖಾಯಂ ಆಗಿ ಅಂಟಿಸಬಾರದೆಂದು. ಒಂದು ಬದಿಯಲ್ಲಿ ನಿಂತವನ ಕೈ ನಡುವಿನ ಹಳಿಗೆ ಎಟುಕುವುದಿಲ್ಲ. ರೈಲು ಒಳಗೆ ಮಗುಚಿಕೊಂಡರೆ ಎತ್ತುವವರು ಯಾರು? ಈಗ ಚಾವಣಿ ನಾಲ್ಕು ತುಂಡುಗಳಲ್ಲಿದೆ, ಹೆಂಚು ತೆಗೆದಂತೆ ತೆಗೆದಿಡಬಹುದು.

ಕೊಡಗಿನಲ್ಲಿ ಈ ಕೆಲಸಕ್ಕೆ ಕೈಹಾಕುವವರು ತಿಳಿದಿರಬೇಕಾದದ್ದು ಥಂಡಿಯ ವಿಷಯ. ಅಡಿಪಾಯದ ಚೌಕಟ್ಟನ್ನು ನಮ್ಮ ತೋಟದಲ್ಲೇ ಕಡಿದ ಸಿಲ್ವರ್ ಓಕಿನಿಂದ ಮಾಡಿದ್ದೆ, ಹಗುರ, ಪುಕ್ಕಟೆ. ಮೊದಲ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಅದು ಹಪ್ಪಳದಂತೆ ತಿರುಚಿಕೊಂಡು, ಎರಡು ಹಲಗೆಗಳು ಕೂಡುವಲ್ಲಿ ಹಳಿ ಎರಡು ಮಿಲಿಮೀಟರ್ ಮೇಲೆದ್ದಿತು. ಎರಡು ಮಿಲಿಮೀಟರ್ ಎಂದರೆ ನಿಜವಾದ ರೈಲಿಗೆ ಅರ್ಧ ಅಡಿ. ಗೋಡೆಗೆ ಅಂಟಿಸಿದ್ದ ಇಟ್ಟಿಗೆ ಮುದ್ರಿತ ಕಾಗದ ಬೂಸ್ಟು ಹಿಡಿದು ಸುರುಳಿಯಾಯಿತು. ಆಮೇಲೆ ಮರೀನ್ ಪ್ಲೈವುಡ್ಡಿಗೆ ಬದಲಾಯಿಸಿ, ಅದರ ಎರಡೂ ಮುಖಕ್ಕೆ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ, ವಾರ್ನಿಷ್ ಬಳಿದೆ. ಕೂಡುವಲ್ಲಿ ಹಿತ್ತಾಳೆಯ ಗೂಟ ಹಾಕಿದೆ. ಗೋಡೆಗೆ ಕಾಗದ ಬಿಟ್ಟು ಪ್ಲಾಸ್ಟಿಕ್ ಹಾಳೆಯ ಮೇಲೆ ವರಸೆಗಳನ್ನು ಗೀರಿದೆ. ಹಲಗೆಗಳ ಕೆಳಗೆ ಮಂಚದಡಿಯಂತಿರುವ ಕತ್ತಲೆ ಜಾಗದ ಥಂಡಿ ಓಡಿಸಲು ಮೊದಲು ನಲವತ್ತು ವ್ಯಾಟಿನ ಎರಡು ಬಲ್ಬು ಉರಿಸಿದರೆ ಸಾಕಿತ್ತು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ವಿನಾ ಬಿಸಿ ಕೊಡುವುದಿಲ್ಲ, ಹಳೆಯ ಬಲ್ಬನ್ನು ಅಂಗಡಿ ಅಂಗಡಿ ಹುಡುಕಬೇಕಾಗಿದೆ. ಕರೆಂಟು ಹೋಗುವುದನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಇನ್ನೊಂದು ಶತ್ರುವನ್ನು ನಾನು ನಿರೀಕ್ಷಿಸಿರಲಿಲ್ಲ: ಮಣ್ಣಿನ ಗೂಡು ಕಟ್ಟುವ ಕಣಜ. ಎರಡು ವಾರ ಅಟ್ಟ ಹತ್ತದೆ ಇದ್ದಾಗ, ಪಾರ್ಸೆಲ್ ಕಚೇರಿಯ ಬಾಗಿಲಿಗೆ ಸರಿಯಾಗಿ, ಆ ಬಾಗಿಲಿನಷ್ಟೇ ಅಗಲಕ್ಕೆ, ಅಚ್ಚುಕಟ್ಟಾಗಿ ಗೂಡು ಕಟ್ಟಿ ಮುಗಿಸಿತ್ತು. ಅದರ ಕೈಕೆಲಸ ನನ್ನದಕ್ಕಿಂತ ನಯವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಊರಿನಿಂದ ಉಪಕಾರವೂ ಆಗಿದೆ. ಹಳಿಯ ಕೆಳಗಿನ ಜಲ್ಲಿ ಮೂಲದಲ್ಲಿ ಎರಡಂಗುಲದ್ದಾದರೆ ಮಾದರಿಯಲ್ಲಿ ಅರೆ ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು. ಕ್ರಷರಿನ ಪುಡಿಯನ್ನು ಟೀ ಸೋಸುವ ಜರಡಿಯಲ್ಲಿ ಗಾಳಿಸಿದರೆ ಮೇಲೆ ಉಳಿಯುವುದು ಅದೇ ಗಾತ್ರದ್ದು. ಅದನ್ನು ಸ್ಲೀಪರುಗಳ ನಡುವೆ ಬ್ರಷ್ಷಿನಿಂದ ಹರಡಿ, ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ, ಔಷಧದ ಡ್ರಾಪರಿನಿಂದ ತೊಟ್ಟಿಕ್ಕಬೇಕು. ಸೋಪಿಲ್ಲದಿದ್ದರೆ ಅಂಟು ಕಾವಲಿಯ ಮೇಲಿನ ನೀರಿನಂತೆ ಗುಂಡಗೆ ಉರುಳಿ ಜಲ್ಲಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಸೋಪು ಬಿದ್ದರೆ ತಾನಾಗಿ ಕೆಳಗಿಳಿಯುತ್ತದೆ. ಎಂಜಿನ್‌ಗಳು ಕಲ್ಲಿದ್ದಲು ತುಂಬಿಕೊಳ್ಳುವ ಜಾಗದ ಕರಿ ಬೂದಿಮಣ್ಣಿಗೆ ಇಂಗ್ಲೆಂಡಿನವರು ಪೊಟ್ಟಣದ ಪುಡಿ ಕೊಳ್ಳುತ್ತಾರೆ. ನಾನು ಮನೆಯ ಕಾಫಿ ಫಿಲ್ಟರಿನ ಚರಟವನ್ನು ಒಲೆಯ ಮೇಲೆ ಹುರಿದು ಪೂರ್ತಿ ಒಣಗಿಸಿ ಹಾಕಿದ್ದೇನೆ. ಹಸಿ ಉಳಿದರೆ ಎರಡೇ ದಿನದಲ್ಲಿ ಬಿಳಿ ಬೂಸ್ಟು, ಯಾರ್ಕಿನಲ್ಲಿ ಹಿಮ ಬಿದ್ದಂತೆ.

ಪ್ರದರ್ಶನದಲ್ಲಿ ಮಕ್ಕಳು ಕೇಳಿದ್ದು ರೈಲು ಯಾಕಿಷ್ಟು ನಿಧಾನ ಎಂದು. ಗಂಟೆಗೆ 15 ಮೈಲಿಯಲ್ಲಿ ನಿಲ್ದಾಣಕ್ಕೆ ಬರುವ ರೈಲು ಸೆಕೆಂಡಿಗೆ 22 ಅಡಿ ಚಲಿಸುತ್ತದೆ, ಮಾದರಿಯಲ್ಲಿ 88 ಮಿಲಿಮೀಟರ್. ನಾಲ್ಕು ಬೆರಳಗಲಕ್ಕಿಂತ ತುಸು ಹೆಚ್ಚು. ಚಾವಣಿಯ ಒಂದು ತುದಿಯಿಂದ ಇನ್ನೊಂದಕ್ಕೆ 36 ಸೆಕೆಂಡು. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ಮೇಲೆ ಒಬ್ಬ ಹುಡುಗಿ ಕೈಗಡಿಯಾರ ಹಿಡಿದು ನಿಂತು, ನಿಮ್ಮದು 29ಕ್ಕೇ ಬಂತು ಸಾರ್ ಎಂದಳು.

ಇನ್ನು ಇಸವಿಯ ವಿಷಯ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ‘ಯಾರ್ಕ್ ನಿಲ್ದಾಣ’ ಎಂದು ಬರೀ ಹೆಸರು ಹೇಳಿದರೆ ಸಾಲದು, ಯಾವ ದಿನದ ಯಾರ್ಕ್ ಎಂದು ಹೇಳಬೇಕು. ನಾನು ಕಟ್ಟುತ್ತಿರುವುದು 1959ರ ಬೇಸಿಗೆಯದು. ಉಗಿಯೂ ಇದೆ, ಡೀಸೆಲ್ ಆಗಲೇ ಕಾಲಿಟ್ಟಿದೆ. 1877ರ ಯಾರ್ಕ್ ಕಟ್ಟಿದರೆ ಕಾಲುಸೇತುವೆಯನ್ನೇ ತೆಗೆಯಬೇಕಾಗುತ್ತಿತ್ತು, ಈಗಿರುವುದು 1938ರದು. 1944ರದ್ದಾದರೆ ಚಾವಣಿಯ ಒಂದು ಭಾಗವನ್ನು ಬೋಳು ಅಸ್ಥಿಪಂಜರವಾಗಿ ಬಿಡಬೇಕಿತ್ತು: 1942ರ ಏಪ್ರಿಲ್ 29ರ ನಸುಕಿನಲ್ಲಿ ಜರ್ಮನ್ ವಿಮಾನಗಳು ಯಾರ್ಕಿನ ಮೇಲೆ ಬಾಂಬು ಸುರಿದಾಗ ಚಾವಣಿ ಹೊತ್ತಿ ಉರಿದಿತ್ತು, ದುರಸ್ತಿ ಮುಗಿದದ್ದು 1947ರಲ್ಲಿ. ಅದೇ ರಾತ್ರಿ ಪಕ್ಕದ ಎಂಜಿನ್ ಶೆಡ್ಡಿನಲ್ಲಿ 4469 ಸಂಖ್ಯೆಯ ‘ಸರ್ ರಾಲ್ಫ್ ವೆಜ್‌ವುಡ್’ ಎಂಬ ಎಂಜಿನ್ ನಾಶವಾಯಿತು. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ಉಗಿ ಎಂಜಿನ್‌ಗಳ ದಾಖಲೆ ಬರೆದ 4468 ‘ಮ್ಯಾಲರ್ಡ್’ನ ಮುಂದಿನ ಸಂಖ್ಯೆಯದು ಅದು. ಎರಡು ವರ್ಷದ ಬಳಿಕ ಆ ಹೆಸರನ್ನು ಅದೇ ಜಾತಿಯ ಬೇರೊಂದು ಎಂಜಿನ್‌ಗೆ ಇಟ್ಟರು. ಆದ್ದರಿಂದ ನನ್ನ 1959ರ ನಿಲ್ದಾಣಕ್ಕೆ ‘ಸರ್ ರಾಲ್ಫ್ ವೆಜ್‌ವುಡ್’ ಬರಬಹುದು, ಆದರೆ 60006 ಎಂಬ ಸಂಖ್ಯೆ ಹೊತ್ತು, ಹಸಿರು ಬಣ್ಣದಲ್ಲಿ ಮಾತ್ರ. ಸಿಗ್ನಲ್‌ಗಳ ವಿಷಯದಲ್ಲಿ ಈ ಶಿಸ್ತು ನನ್ನ ಆಸೆಗೇ ಕಲ್ಲು ಹಾಕಿತು. ಕೈ ಎತ್ತಿಳಿಸುವ ಹಳೆಯ ಸಿಗ್ನಲ್‌ಗಳನ್ನು, ಅವನ್ನು ಆಡಿಸುವ 295 ಸನ್ನೆಕೋಲುಗಳಿದ್ದ ‘ಲೋಕೋಮೋಟಿವ್ ಯಾರ್ಡ್’ ಎಂಬ ಸಿಗ್ನಲ್ ಕ್ಯಾಬಿನ್ನನ್ನು ಕಟ್ಟಬೇಕೆಂಬ ಕನಸಿತ್ತು. ಯಾರ್ಕಿನಲ್ಲಿ 1951ರಲ್ಲೇ ವಿದ್ಯುತ್ ದೀಪದ ಸಿಗ್ನಲ್‌ಗಳು ಬಂದು ಆ ಕ್ಯಾಬಿನ್‌ ಕೆಲಸ ಕಳೆದುಕೊಂಡಿತ್ತು. ಇಸವಿಯನ್ನು ಬದಲಿಸಬೇಕು, ಇಲ್ಲವೇ ಕನಸನ್ನು ಬಿಡಬೇಕು. ಕನಸನ್ನು ಬಿಟ್ಟೆ. ಸಣ್ಣ ಎಲ್‌ಇಡಿಗಳು ಅಗ್ಗವೆಂಬ ಸಮಾಧಾನವೊಂದಿದೆ.

ಇಷ್ಟೆಲ್ಲ ವಿವರ ನನಗೆ ತಿಳಿದದ್ದು ಹೇಗೆ? ನಾನು ಮೇಧಾವಿಯೆಂದಲ್ಲ. ಅವರು ಬರೆದಿಟ್ಟಿದ್ದಾರೆ. ನಾರ್ತ್ ಈಸ್ಟರ್ನ್ ರೈಲ್ವೆ ಕಂಪನಿ 1923ರ ಆರಂಭದಲ್ಲೇ ಬೇರೊಂದರಲ್ಲಿ ಲೀನವಾಗಿ ಹೋಯಿತು. ನೂರು ವರ್ಷದ ಮೇಲೂ ಅದರ ಹೆಸರಿನಲ್ಲಿ ಆಸಕ್ತರ ಸಂಘವೊಂದಿದೆ, ನಕ್ಷೆ ಫೋಟೋಗಳನ್ನು ಜೋಪಾನವಾಗಿಟ್ಟು ಪುಸ್ತಕ ತರುತ್ತದೆ. ಯಾರ್ಕಿನ ಹಳೆಯ ಎಂಜಿನ್ ಶೆಡ್ಡಿನಲ್ಲಿ 1975ರಲ್ಲಿ ತೆರೆದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಎಂಜಿನ್‌ಗಳಷ್ಟೇ ಅಲ್ಲ, ಅವುಗಳ ಕಾರ್ಖಾನೆಯ ನಕ್ಷೆಗಳೂ ಇವೆ. ಅಪರಿಚಿತನೊಬ್ಬ ಅಮ್ಮತ್ತಿಯಿಂದ ಕೇಳಿದರೂ ನಕಲು ಸಿಗುವ ವ್ಯವಸ್ಥೆಯಿದೆ.

ಪತ್ರ ಬರೆದ ಓದುಗರಿಗೆ ತಿಳಿಯದ ಸಂಗತಿಯೆಂದರೆ, ನಾನು ಮೊದಲು ಕಟ್ಟಹೊರಟದ್ದು ಯಾರ್ಕನ್ನಲ್ಲ. ಬಾಲ್ಯದಲ್ಲಿ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಘಟ್ಟ ಇಳಿದು, ಬಯಲಿನ ಒಂದು ಮೀಟರ್ ಗೇಜ್ ನಿಲ್ದಾಣದಲ್ಲಿ ರೈಲು ಹತ್ತುತ್ತಿದ್ದೆವು. ಮಂಗಳೂರು ಹೆಂಚಿನ ಮಾಡು, ಕಲ್ಲಿನ ಕಂಬ, ನೀರಿನ ತೊಟ್ಟಿ, ಗಂಟೆಯಾಗಿ ನೇತುಹಾಕಿದ್ದ ಒಂದು ಹಳಿಯ ತುಂಡು. ಕೊಡಗಿನವರಿಗೆ ರೈಲೆಂದರೆ ಪರಸ್ಥಳದ ವಸ್ತು. ಅದಕ್ಕೇ ಇರಬೇಕು, ಆ ನಿಲ್ದಾಣ ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಣ್ಣಿಗೆ ಕಟ್ಟಿದ್ದನ್ನು ಮಿಲಿಮೀಟರಿನಲ್ಲಿ ಅಳೆಯಲಾಗದು. ಗೇಜು ಪರಿವರ್ತನೆಯಾಗಿ, ಮೀಟರ್ ಗೇಜಿನ ಕಿರಿದಾದ ಹಳಿಯ ಜಾಗಕ್ಕೆ ಬ್ರಾಡ್ ಗೇಜಿನ ಅಗಲದ ಹಳಿ ಬಂದಾಗ ಆ ಕಟ್ಟಡವನ್ನು ಕೆಡವಿದ್ದರು. ಸಂಬಂಧಪಟ್ಟ ಕಚೇರಿಯೊಂದಕ್ಕೆ ನಕ್ಷೆ ಕೇಳಿ ಮೂರು ಸಲ ಬರೆದೆ, ಒಮ್ಮೆ ಖುದ್ದಾಗಿ ಹೋದೆ. ಯಾವ ಕಾರಣಕ್ಕೆ ಬೇಕೆಂದು ಕೇಳಿದರು; ಮಾದರಿ ಮಾಡಲು ಎಂದೆ. ಇಬ್ಬರು ನಕ್ಕರು, ಮೂರನೆಯವರು ಭದ್ರತೆಯ ಮಾತೆತ್ತಿದರು. ಇಲ್ಲದ ನಿಲ್ದಾಣಕ್ಕೆ ಎಂಥ ಭದ್ರತೆ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಹಿರಿಯ ಗುಮಾಸ್ತರೊಬ್ಬರು ಹೊರಗೆ ಬಂದು, ಆ ಕಡತಗಳನ್ನು ಯಾವಾಗಲೋ ತೂಕಕ್ಕೆ ಹಾಕಿದರು ಸಾರ್ ಎಂದು ಮೆಲ್ಲಗೆ ಹೇಳಿ ಕಳುಹಿಸಿದರು.

ನಮ್ಮಲ್ಲಿ ಏನೂ ಉಳಿಸಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಮೈಸೂರಿನಲ್ಲಿ 1979ರಿಂದಲೇ ರೈಲ್ವೆ ವಸ್ತುಸಂಗ್ರಹಾಲಯವಿದೆ. ಮಹಾರಾಣಿಯವರ ಸಲೂನ್ ಬೋಗಿಯ ಸುತ್ತ ಅರ್ಧ ದಿನ ಕಳೆದಿದ್ದೇನೆ. ಎಂಜಿನ್ ಉಳಿದಿದೆ, ಬೋಗಿ ಉಳಿದಿದೆ. ಅವು ನಿಲ್ಲುತ್ತಿದ್ದ ಜಾಗ ಉಳಿದಿಲ್ಲ. 1979ರಲ್ಲಿ ಪೂರ್ತಿಯಾದ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಇಪ್ಪತ್ತು ವರ್ಷವೂ ಓಡದೆ ಪರಿವರ್ತನೆಗೆಂದು ನಿಂತುಹೋಗಿ, ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ, ಬ್ರಾಡ್ ಗೇಜಿನಲ್ಲಿ. ಘಟ್ಟದ ನಿಲ್ದಾಣಗಳಲ್ಲಿ ಮೀಟರ್ ಗೇಜಿನ ಹಳಿಗಳು ಹೇಗೆ ಕವಲೊಡೆಯುತ್ತಿದ್ದವು, ಸಿಗ್ನಲ್ ಕಂಬ ಎಷ್ಟು ಎತ್ತರವಿತ್ತು, ಪ್ಲಾಟ್‌ಫಾರ್ಮಿನ ಅಂಚಿಗೆ ಯಾವ ಕಲ್ಲು ಹಾಕಿದ್ದರು ಎಂಬುದು ಇಂದು ನಿವೃತ್ತ ನೌಕರರ ತಲೆಯಲ್ಲಿದೆ, ಇಲ್ಲವೇ ಯಾರದೋ ಮದುವೆ ದಿಬ್ಬಣದ ಫೋಟೋದ ಹಿನ್ನೆಲೆಯಲ್ಲಿದೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ವಾರಕ್ಕೊಂದು ಹಳೆಯ ನಿಲ್ದಾಣದ ಓದುಗರ ಫೋಟೋಗಳಿಗೆ ಅಂಗೈಯಗಲದ ಜಾಗ ಕೊಡಿ. ಮೈಸೂರು, ಹಾಸನ, ಅರಸೀಕೆರೆ, ಸಕಲೇಶಪುರದ ಕಡೆಯ ನಿವೃತ್ತ ರೈಲ್ವೆ ನೌಕರರು ನೆನಪಿನಿಂದ ಬಿಡಿಸಿದ ಹಳಿಗಳ ನಕ್ಷೆಯಾದರೂ ಸರಿಯೇ; ಗೆರೆ ವಕ್ರವಾಗಿದ್ದರೆ ಚಿಂತೆಯಿಲ್ಲ, ಎಷ್ಟು ಹಳಿ, ಯಾವುದು ಯಾವುದಕ್ಕೆ ಕೂಡುತ್ತದೆ ಎಂಬುದಿದ್ದರೆ ಸಾಕು. ಇನ್ನೂ ನಿಂತಿರುವ ಹಳೆಯ ಕಟ್ಟಡಗಳ ಹತ್ತಿರ ಇರುವವರು ಗೋಡೆಗೆ ನೇರ ಎದುರಾಗಿ ನಿಂತು, ಕೊಡೆಯನ್ನೋ ಒಂದಡಿಯ ಸ್ಕೇಲನ್ನೋ ಗೋಡೆಗೆ ಒರಗಿಸಿ ಫೋಟೋ ತೆಗೆದರೆ ಅದರಿಂದ ಇಡೀ ಕಟ್ಟಡದ ಅಳತೆ ಹೊರಡಿಸಬಹುದು. ಓರೆಯಾಗಿ ತೆಗೆದ ಚಿತ್ರ ಚಂದ ಕಾಣುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಕಿಟಕಿ, ಬಾಗಿಲು, ಮಾಡಿನ ಅಂಚಿನ ಮರದ ಕೆತ್ತನೆ, ಊರಿನ ಹೆಸರಿನ ಹಲಗೆಯ ಅಕ್ಷರಗಳ ಎತ್ತರ, ಇವಿಷ್ಟನ್ನು ಪ್ರತ್ಯೇಕವಾಗಿ ತೆಗೆದರೆ ಇನ್ನೂ ಒಳಿತು. ಬಂದದ್ದನ್ನೆಲ್ಲ ಅಳತೆಗೆ ಇಳಿಸಿ, ನಕ್ಷೆ ಬರೆದು, ಕೇಳಿದವರಿಗೆ ಪುಕ್ಕಟೆಯಾಗಿ ಕೊಡುವ ಹೊಣೆ ನನ್ನದು.

ಅಟ್ಟದ ಪಶ್ಚಿಮದ ಗೋಡೆಗೆ 14 ಅಡಿ ಉದ್ದದ, ಒಂದೂವರೆ ಅಡಿ ಅಗಲದ ಹಲಗೆಯೊಂದನ್ನು ಹೊಡೆದಿದ್ದೇನೆ. ಅದರ ಮೇಲೆ 12 ಮಿಲಿಮೀಟರಿನ ಹಳಿಯನ್ನು ನಾಲ್ಕಡಿಯಷ್ಟು ಹಾಸಿದ್ದೂ ಆಗಿದೆ. 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಅದು ಮೀಟರ್ ಗೇಜಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಸದ್ಯಕ್ಕೆ ಆ ಹಲಗೆಯ ಮೇಲೆ ಮನೆಯವರು ಕಾಳುಮೆಣಸಿನ ಚೀಲಗಳನ್ನು ಇಟ್ಟಿದ್ದಾರೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ
ಅಮ್ಮತ್ತಿ, ದಕ್ಷಿಣ ಕೊಡಗು